ಸದ್ದು ನಿಂತ ಸೆಟ್ಟು

ಟಿ.ವಿ. ರಿಪೇರಿ ಕೆಲಸದಿಂದ ನಿವೃತ್ತಳಾಗಿದ್ದೇನೆ ಎಂದರೆ ಕೇಳಿದವರು ನನ್ನ ಮುಖ ನೋಡುತ್ತಾರೆ. ತಲೆಯಲ್ಲಿ ಒಂದು ಬಿಳಿ ಕೂದಲೂ ಇಲ್ಲದವಳಿಗೆ ಎಂಥ ನಿವೃತ್ತಿ ಎಂದು ಅವರ ಅನುಮಾನ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ನಾರಾಯಣಪೇಟೆಯ ಒಂದು ಸರ್ವಿಸ್ ಸೆಂಟರ್ ಸೇರಿದೆ. ಸೇರಿದ್ದು ತೆಲಂಗಾಣ ರಾಜ್ಯಕ್ಕಾಗಿ ಬಂದ್‌ಗಳು ನಡೆಯುತ್ತಿದ್ದ ಕಾಲದಲ್ಲಿ, ಬಿಟ್ಟದ್ದು ರಾಜ್ಯ ಬಂದು ನಮ್ಮೂರೇ ಜಿಲ್ಲೆಯಾದ ಮೇಲೆ. ಯಾಕೆ ಬಿಟ್ಟೆ ಎಂಬುದು ನನ್ನ ಮನೆಯ ವಿಷಯ, ಇಲ್ಲಿ ಬೇಡ. ಆ ಕೆಲಸಕ್ಕೆ ಮತ್ತೆ ಹೋಗುವುದಿಲ್ಲವಾದ್ದರಿಂದ ಅದನ್ನು ನಿವೃತ್ತಿ ಎಂದೇ ಕರೆಯುತ್ತೇನೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಅವರ ಪ್ರಶ್ನೆ ಹೆಚ್ಚಾಗಿ ಒಂದೇ: "ಮೇಡಂ, ಸೆಟ್ಟಿನ್ಯಾಗ ಗುಂಯ್ ಅಂತೈತ್ರಿ. ಏನ್ ಮಾಡ್ಬೇಕು?" ಚಿತ್ರವೇ ಬಾರದಿದ್ದರೆ ಸುಟ್ಟದ್ದು ಯಾವುದೆಂದು ಹುಡುಕಬಹುದು. ಗುಂಯ್‌ಗುಡುವ ಸೆಟ್ಟಿನಲ್ಲಿ ಬಹಳ ಸಲ ಏನೂ ಸುಟ್ಟಿರುವುದಿಲ್ಲ. ಟಿ.ವಿ. ಸರಿ, ಆಂಪ್ಲಿಫೈಯರ್ ಸರಿ, ಸ್ಪೀಕರ್ ಸರಿ. ಮೂರನ್ನೂ ಜೋಡಿಸಿದರೆ ಎಲ್ಲಿಂದಲೋ ಒಂದು ಸದ್ದು. ಅಂಥ ಸದ್ದು ಮನೆಯಲ್ಲಿದ್ದರೆ ಜನ ಮೊದಲು ಅನುಮಾನಿಸುವುದು ವಯರನ್ನಲ್ಲ, ಮನುಷ್ಯರನ್ನು. ಹತ್ತಿರದ ಮಕ್ತಲ್‌ನಲ್ಲಿ ಒಬ್ಬ ಸೊಸೆಯ ಸಂಸಾರ ಈ ಸದ್ದಿನಿಂದ ಮುರಿಯುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ನನಗೆ ಕೆಲಸ ಕಲಿಸಿದವರ ಬಗ್ಗೆ ಎರಡು ಮಾತು.

ನನ್ನ ಮೇಲಿನವರು ರಹೀಮ್ ಸಾಬ್. ರೇಡಿಯೋ ಕಾಲದಿಂದ ಕೆಲಸ ಮಾಡಿದವರು. ಗಿರಾಕಿ ಹೇಳುವುದನ್ನು ಪೂರ್ತಿ ಕೇಳುತ್ತಿದ್ದರು, ಒಂದು ಮಾತನ್ನೂ ನಂಬುತ್ತಿರಲಿಲ್ಲ. ಬೇರೆ ಮೆಕ್ಯಾನಿಕ್ ಕೈಯಾಡಿಸಿದ ಸೆಟ್ ಬಂದರೆ ಮೊದಲು ಪ್ಲಗ್ ನೋಡುತ್ತಿದ್ದರು. ಒಮ್ಮೆ ಅಂಥ ಒಂದು ಆಂಪ್ಲಿಫೈಯರ್ ಬಂತು. ಅದರ ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ದಪ್ಪನೆಯದನ್ನು ಯಾರೋ ಕಿತ್ತಿದ್ದರು.

"ಸದ್ದಂತೂ ಹೋಗೈತಲ್ರಿ ಸಾಬ್" ಎಂದೆ.

"ಅವಾಜ್ ಬಂದ್ ಮಾಡೋದೇ ರಿಪೇರಿ ಆಗಿದ್ರ, ಮೇನ್ ಆಫ್ ಮಾಡಿ ಮನಿಗೆ ಹೋಗಬಹುದಲ್ಲ ಬೇಟಿ" ಎಂದರು.

ಆ ದಪ್ಪ ಪಿನ್ ಅರ್ಥಿಂಗ್‌ನದು. ಸೆಟ್ಟಿನ ಲೋಹದ ಮೈಗೆ ಎಲ್ಲಿಂದಲಾದರೂ ಕರೆಂಟ್ ಸೋರಿ ಬಂದರೆ ಅದನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ಅದನ್ನು ಕಿತ್ತರೆ ಗುಂಯ್ ಸದ್ದು ಎಷ್ಟೋ ಸಲ ನಿಲ್ಲುತ್ತದೆ, ಮನೆಯವರು ಖುಷಿಯಾಗುತ್ತಾರೆ. ಆಮೇಲೆ ಸೋರಿದ ಕರೆಂಟ್ ಮುಟ್ಟಿದವರ ಮೈಯಿಂದ ಇಳಿಯುತ್ತದೆ. ಆದ್ದರಿಂದ ರಹೀಮ್ ಸಾಬರು ಸದ್ದು ಮಾಡುವ ಸೆಟ್ಟಿಗಿಂತ, ಸದ್ದು ಮಾಡುತ್ತಿದ್ದು ತಾನಾಗಿ ಸುಮ್ಮನಾದ ಸೆಟ್ಟನ್ನು ಹೆಚ್ಚು ಅನುಮಾನಿಸುತ್ತಿದ್ದರು. ನನಗೂ ಆ ಅಭ್ಯಾಸ ಬಂತು. ಇವತ್ತಿಗೂ ನಮ್ಮ ಮನೆಯ ಫ್ರಿಜ್ ಸುಮ್ಮನಿದ್ದರೆ ಎದ್ದು ಹೋಗಿ ನೋಡುತ್ತೇನೆ.

ಬಂದ್‌ಗಳ ಕಾಲದಲ್ಲಿ ನಮ್ಮ ಸುತ್ತ ಎಲ್ಲರಿಗೂ ಎಲ್ಲರ ಮೇಲೂ ಅನುಮಾನವಿತ್ತು. ನಾರಾಯಣಪೇಟೆಯ ಒಬ್ಬ ನೇಕಾರರ ಮನೆಯಲ್ಲಿ ಮಗ್ಗ ನಿಲ್ಲಿಸಿ ಓಣಿಯವರೆಲ್ಲ ಸುದ್ದಿ ಕೇಳಲು ಸೇರುತ್ತಿದ್ದರು. ಹೊರಗೆ ಕೂತವರಿಗೂ ಕೇಳಲೆಂದು ಟಿ.ವಿ.ಗೆ ಆಂಪ್ಲಿಫೈಯರ್ ಜೋಡಿಸಿ ಕಿಟಕಿಯಲ್ಲಿ ಸ್ಪೀಕರ್ ಇಟ್ಟಿದ್ದರು. ಅದರಲ್ಲಿ ಜುರ್ ಎಂಬ ಸದ್ದು. "ಮಂದಿ ಕೂಡಿದಾಗಷ್ಟ ಬರ್ತೈತ್ರಿ. ಮಂದಿ ಹೋದ್ರ ಬಂದ್" ಎಂದು ಮನೆಯ ಯಜಮಾನರು ದನಿ ತಗ್ಗಿಸಿ ಹೇಳಿದರು. ಪೊಲೀಸರು ಮಾತು ಕದ್ದು ಕೇಳಲು ಏನೋ ಇಟ್ಟಿದ್ದಾರೆ ಎಂದು ಓಣಿಯಲ್ಲಿ ಆಗಲೇ ತೀರ್ಮಾನವಾಗಿತ್ತು. ಯಾರು ಇಟ್ಟಿರಬಹುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಒಳಗೆ ಬಂದ ಮೇಲೆ ನನ್ನ ಬ್ಯಾಗನ್ನೂ ನೋಡಿದರು.

ಮಂದಿ ಕೂಡಿದಾಗ ಆ ಮನೆಯಲ್ಲಿ ಇನ್ನೇನು ಆಗುತ್ತದೆ ಎಂದು ಯೋಚಿಸಿದೆ. ಸೆಕೆ ಆಗುತ್ತದೆ, ಫ್ಯಾನ್ ಹಾಕುತ್ತಾರೆ. ಫ್ಯಾನಿನ ರೆಗ್ಯುಲೇಟರ್ ಹೊಸ ನಮೂನೆಯದು, ಅಗ್ಗದ್ದು; ಅಂಥದ್ದು ಹತ್ತಿರದ ಸ್ಪೀಕರಿನಲ್ಲಿ ಸದ್ದು ಎಬ್ಬಿಸುತ್ತದೆ. ಎದ್ದು ಫ್ಯಾನ್ ಬಂದ್ ಮಾಡಿದೆ, ಸದ್ದು ನಿಂತಿತು.

"ಅಂದ್ರ ಫ್ಯಾನ್ ಪೊಲೀಸರ ಕಡಿ ಐತೇನ್ರಿ?" ಎಂದು ಹಿಂದಿನಿಂದ ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ನಾನು ಹೊರಡುವಾಗಲೂ ಸ್ಪೀಕರಿನ ಹಿಂದೆ ಕೈ ಹಾಕಿ ತಡಕುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ನಮ್ಮ ಕೆಲಸವೇ ಬದಲಾಯಿತು. ಡಬ್ಬದಂಥ ಟಿ.ವಿ. ಹೋಗಿ ಗೋಡೆಗೆ ತೂಗುಹಾಕುವ ಟಿ.ವಿ. ಬಂತು. ಕೇಬಲ್ ವಯರ್ ನೇರ ಟಿ.ವಿ.ಗೆ ಹೋಗುವುದು ನಿಂತು, ನಡುವೆ ಸೆಟ್‌ಟಾಪ್ ಬಾಕ್ಸ್ ಬಂತು. ಮದುವೆಯಲ್ಲಿ ಟಿ.ವಿ. ಜೊತೆಗೆ ಹೋಮ್ ಥಿಯೇಟರನ್ನೂ ಕೊಡುವ ರೂಢಿ ಬಂತು. ಬೆಸುಗೆ ಹಾಕುವುದು ಕಡಿಮೆಯಾಗಿ ಬೋರ್ಡನ್ನೇ ಬದಲಿಸುವುದು ಹೆಚ್ಚಾಯಿತು. ಬೋರ್ಡ್ ಬದಲಿಸಿದರೂ ಹೋಗದೆ ಉಳಿದದ್ದು ಈ ಗುಂಯ್ ಸದ್ದು ಒಂದೇ.

ರಾಜ್ಯ ಬಂದ ಮೇಲಿನ ಒಂದು ಬೇಸಿಗೆಯಲ್ಲಿ ಮಕ್ತಲ್‌ನಿಂದ ಕರೆ ಬಂತು. ಹೋಮ್ ಥಿಯೇಟರ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ ಎಂಬುದು ದೂರು. ಊರಂಚಿನ ಹೊಸ ಮನೆ. ಮೊದಲು ಕುರಿ ಸಾಕಿದ್ದವರು, ಈಗ ಅಷ್ಟಿಷ್ಟು ಹೊಲ. ಬಾಗಿಲಲ್ಲಿ ಮನೆಯ ಹಿರಿಯರಾದ ಮಾಳಮ್ಮ ನಿಂತಿದ್ದರು.

"ಮೆಕ್ಯಾನಿಕ್ ಎಲ್ಲವ್ವಾ?"

"ನಾನೇ ರೀ."

"ನೀನಾ? ಜತಿಗೆ ಗಂಡಸರು ಯಾರೂ ಇಲ್ಲೇನು?"

"ಇಲ್ರಿ."

"ಹಂಗಾರ ನಾ ಎದುರಿಗೆ ಕುಂದರ್ತೀನಿ ತಗೊ. ಏನೇನು ಬಿಚ್ಚತಿ, ತೋರಿಸಿ ಬಿಚ್ಚು."

ಎದುರಿಗೇ ಕೂತರು. ಮಗ ಬೀರೇಶ ಹೊಸ್ತಿಲ ಮೇಲೆ ಕೂತು ಮೊಬೈಲ್ ತಿರುವುತ್ತಿದ್ದ. ಹೋಮ್ ಥಿಯೇಟರಿನ ಮೇಲೆಲ್ಲ ಅರಿಶಿನದ ಪುಡಿ ಬಿದ್ದಿತ್ತು, ಗಾಳಿಯಾಡುವ ಸೀಳುಗಳಲ್ಲೂ ಇಳಿದಿತ್ತು. ಅದು ಬೀರಪ್ಪ ದೇವರ ಭಂಡಾರ. ಮನೆಗೆ ಏನಾದರೂ ಕೆಟ್ಟದ್ದು ತಟ್ಟಿದೆ ಎನಿಸಿದಾಗ ಹಚ್ಚುತ್ತಾರೆ. ಯಂತ್ರಕ್ಕೆ ಭಂಡಾರ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇದು ಗುಂಯ್ ಅಂತ ಸದ್ದು ಮಾಡ್ತೈತೇನ್ರಿ?" ಎಂದೆ.

"ಈಗ ಮಾಡಂಗಿಲ್ಲ. ಆಕಿ ಇದ್ದಾಗ ಮಾಡ್ತಿತ್ತು."

"ಯಾರ್ರಿ?"

"ನಮ್ಮ ಸೊಸಿ, ರೇಣುಕಾ. ಗದ್ವಾಲದಾಕಿ. ಈ ಸಾಮಾನೆಲ್ಲ ಆಕಿ ಜತಿಗೇ ಬಂದದ್ದು. ಬಂದಾಗಿಂದ ಗುಂಯ್ ಅಂತಿತ್ತು. ಆಕಿನ್ನ ತವರಿಗೆ ಕಳಿಸಿದ್ವಿ, ಅವತ್ತೇ ಬಾಯಿ ಮುಚ್ಚೈತಿ."

"ಅದಕ್ಕಾಗಿ ಕಳಿಸಿದ್ರೇನ್ರಿ?"

"ಅದೊಂದಕ್ಕ ಯಾರು ಕಳಿಸ್ತಾರ. ಸಂಜೀಮುಂದ ಹಿತ್ತಲ ಮೂಲ್ಯಾಗಿನ ಗುಂಡ್ಯಾಗ ಉಪ್ಪು ಹಾಕಿ ನೀರು ಹೊಯ್ತಿದ್ಲು. ಇದ್ಲಿನೂ ಹಾಕ್ಯಾಳ. ನಾ ಕಣ್ಣಾರೆ ನೋಡೀನಿ. ಆಕಿ ನೀರು ಹೊಯ್ದು ಒಳಗ ಬಂದ್ಲಂದ್ರ ಈ ಡಬ್ಬಿ ಮತ್ತಷ್ಟು ಜೋರು ಗುಂಯ್ ಅಂತಿತ್ತು. ಒಂದಿನ ಅಲ್ಲವ್ವಾ, ಹೊಯ್ದಾಗೊಮ್ಮೆ. ಓಣ್ಯಾನ ಮಂದಿ ಮಾಟ, ಭಾನಾಮತಿ ಅಂತಾರ. ನೀ ಏನಂತಿ?"

"ಯಾಕ ಹಾಕ್ತಿ ಅಂತ ಆಕಿನ್ನ ಕೇಳ್ಲಿಲ್ಲೇನ್ರಿ?" ಎಂದೆ.

"ಕೇಳಿದೆ. ನಮ್ಮಪ್ಪ ಹೇಳಿಕೊಟ್ಟಾನ ಅಂದ್ಲು. ಅಪ್ಪನೇ ಹೇಳಿಕೊಟ್ಟ ಮ್ಯಾಲೆ ಇನ್ನೇನು ಉಳೀತು? ಬರೋ ಐತ್ವಾರ ಎರಡೂ ಕಡಿ ಹಿರೇರು ಕೂಡ್ತಾರ. ಬಿಡುಗಡಿ ಮಾಡಸ್ತೀವಿ."

ಬೀರೇಶ ಮೊಬೈಲ್ ಕೆಳಗಿಟ್ಟ. ರೇಣುಕಾಳ ಅಪ್ಪ ಏನು ಕೆಲಸದಲ್ಲಿದ್ದರು ಎಂದು ಅವನನ್ನು ಕೇಳಿದೆ. "ಕರೆಂಟಿನ ಆಫೀಸಿನ್ಯಾಗ ಲೈನ್‌ಮನ್ ಇದ್ರು ಮೇಡಂ" ಎಂದ.

ಪ್ಲಗ್ ಕಿತ್ತು ನೋಡಿದೆ. ದಪ್ಪ ಪಿನ್ ಇರಲಿಲ್ಲ.

ಕಿತ್ತವನು ಯಾರೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬೀರೇಶ ಹೆಂಡತಿಯನ್ನು ಗದ್ವಾಲಕ್ಕೆ ಬಿಟ್ಟುಬರಲು ಹೋಗಿದ್ದ ದಿನವೇ ಮಾಳಮ್ಮ ಪೇಟೆಯಿಂದ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದ್ದರು. "ಅವ ಏನೂ ಬಿಚ್ಚಿಲ್ಲ. ಪ್ಲಗ್ ತಿರುವಿ ಮುರುವಿ ನೋಡಿದ, ಚಾ ಕುಡಿದ, ಹೋದ" ಎಂದು ಮಾಳಮ್ಮ ಹೇಳಿದರು. ಏನೂ ಬಿಚ್ಚದವನು ಸದ್ದು ನಿಲ್ಲಿಸಿರಲು ಸಾಧ್ಯವಿಲ್ಲ, ಸದ್ದು ನಿಂತದ್ದು ಸೊಸೆ ಹೊಸ್ತಿಲು ದಾಟಿದ್ದಕ್ಕೆ ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ನೋಡಿದ್ದೊಂದೂ ಸುಳ್ಳಾಗಿರಲಿಲ್ಲ.

ನಾನು ಹೊಸ ಪ್ಲಗ್ ಹಾಕಿ, ಕೇಬಲ್ ವಯರಿಗೆ ಮಾಡಬೇಕಾದ್ದನ್ನು ಮಾಡಿ ಬರಬಹುದಿತ್ತು. ಜುಮ್ ನಿಲ್ಲುತ್ತಿತ್ತು, ಸದ್ದೂ ಬರುತ್ತಿರಲಿಲ್ಲ, ದೂರು ಮುಗಿಯುತ್ತಿತ್ತು. ಇನ್ನೊಬ್ಬರ ಮನೆಯ ಮಾತಿಗೆ ಕೈ ಹಾಕುವುದು ನನ್ನ ಸ್ವಭಾವವಲ್ಲ. ಆದರೆ ಹಾಗೆ ಬಂದರೆ ಐತ್ವಾರ ಹಿರಿಯರ ಮುಂದೆ ಮಾಳಮ್ಮನ ಲೆಕ್ಕವೊಂದೇ ಇರುತ್ತಿತ್ತು: ಸೊಸೆ ಇದ್ದಳು ಸದ್ದಿತ್ತು, ಸೊಸೆ ಹೋದಳು ಸದ್ದು ಹೋಯಿತು. ಆ ಲೆಕ್ಕ ತಪ್ಪಬೇಕಾದರೆ, ಸೊಸೆ ಗದ್ವಾಲದಲ್ಲಿರುವಾಗಲೇ ಸದ್ದು ಮಕ್ತಲ್‌ಗೆ ತಿರುಗಿ ಬರಬೇಕು. ಸದ್ದು ತೆಗೆಯುವುದನ್ನಷ್ಟೇ ಕಲಿತಿದ್ದ ನಾನು ಅವತ್ತು ಮೊದಲ ಸಲ ಸದ್ದು ತರಿಸಲು ಕೂತೆ.

ಹೊಸ ಪ್ಲಗ್ ಹಾಕಿ, ಸ್ವಿಚ್ ಬೋರ್ಡಿನಿಂದ ಹಿತ್ತಲ ಮೂಲೆಯ ಆ ಗುಂಡಿಯವರೆಗಿನ ಅರ್ಥಿಂಗ್ ವಯರ್ ಎಲ್ಲೂ ತುಂಡಾಗಿಲ್ಲವೆಂದು ನೋಡಿಕೊಂಡೆ. "ಅಮ್ಮಾ, ಈಗ ಆ ಸದ್ದು ತಿರುಗಿ ಬರ್ತೈತಿ ನೋಡ್ರಿ" ಎಂದೆ.

ಮಾಳಮ್ಮನ ಕಣ್ಣು ಸಣ್ಣಗಾಯಿತು. "ನಿನ್ನ ಗದ್ವಾಲದವರು ಕಳಿಸ್ಯಾರೇನು?"

"ಕರದಾವ್ರು ನೀವೇ ರೀ."

"ಭಂಡಾರ ಮುಟ್ಟಿ ಹೇಳು."

ಒಳಗಿಂದ ಭಂಡಾರದ ಬಟ್ಟಲು ತಂದು ಮುಂದಿಟ್ಟರು. ಅವರಲ್ಲಿ ಅದನ್ನು ಮುಟ್ಟಿ ಸುಳ್ಳು ಹೇಳುವವರಿಲ್ಲ. ನನ್ನ ದೇವರು, ನನ್ನ ನಂಬಿಕೆ ನಾನು ಯಾರಿಗೂ ತೋರಿಸಿದವಳಲ್ಲ. ಆದರೂ ಮುಟ್ಟಿದೆ. "ಗದ್ವಾಲದವರ ಮುಖ ನಾ ನೋಡಿಲ್ಲ. ಇನ್ನ ಮ್ಯಾಲೆ ಇಲ್ಲಿ ಒಂದು ವಯರೂ ನಾ ಮುಟ್ಟಂಗಿಲ್ಲ. ಎಲ್ಲಾ ನೀವೇ ಮಾಡ್ರಿ, ನಾ ಹೇಳ್ತೀನಿ ಅಷ್ಟ" ಎಂದೆ.

ಮಾಳಮ್ಮ ಸ್ವಿಚ್ ಒತ್ತಿದರು. ಸ್ಪೀಕರಿನಿಂದ ಗುಂಯ್ ಎಂದು ಬಂತು, ಸಣ್ಣಗೆ. ಅವರು ನನ್ನನ್ನು ನೋಡಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿದರು, ಸೊಸೆ ಬಂದು ನಿಂತಿದ್ದಾಳೇನೋ ಎಂಬಂತೆ. ಬಾಗಿಲಲ್ಲಿ ಬೀರೇಶ ಒಬ್ಬನೇ ಇದ್ದ.

"ಆಗಿನಷ್ಟು ಜೋರಿಲ್ಲ" ಎಂದರು ಮಾಳಮ್ಮ.

"ಗುಂಡಿ ಒಣಗೈತ್ರಿ. ಒಂದು ಕೊಡ ನೀರು, ಒಂದೀಟು ಉಪ್ಪು ಹಾಕ್ರಿ. ಜೋರಾಗ್ತೈತಿ."

"ನಾನಾ? ಆ ಮೂಲ್ಯಾಗ?"

"ನಾ ಮುಟ್ಟಂಗಿಲ್ಲ ಅಂತ ಆಣಿ ಮಾಡೀನಲ್ರಿ."

ಅವರು ಬಹಳ ಹೊತ್ತು ಕೂತೇ ಇದ್ದರು. ಕೊನೆಗೆ ಎದ್ದು ಸೊಂಟಕ್ಕೆ ಕೊಡ ಇಟ್ಟುಕೊಂಡು, ಮುಷ್ಟಿಯಲ್ಲಿ ಉಪ್ಪು ಹಿಡಿದು ಹಿತ್ತಲಿಗೆ ನಡೆದರು. ಗುಂಡಿಯ ಮುಚ್ಚಳ ಸರಿಸಿ ಉಪ್ಪು ಹಾಕಿ ನೀರು ಹೊಯ್ಯುವಾಗ ಪಕ್ಕದ ಗೋಡೆಯ ಮೇಲೆ ಒಂದು ಮುಖ ಕಾಣಿಸಿತು.

"ಏನ್ ಮಾಡಾಕತ್ತೀ ಮಾಳಕ್ಕಾ, ಅಲ್ಲಿ?"

"ಸುಮ್ನಿರು. ಕರೆಂಟಿನ ಕೆಲಸ."

ನೆರೆಯಾಕೆಯ ಮುಖ ಗೋಡೆಯ ಮೇಲೇ ಉಳಿಯಿತು. ನೋಡುವ ರೀತಿ ಬದಲಾಗಿತ್ತು. ಮಾಳಮ್ಮ ಅದನ್ನು ಗಮನಿಸಿದರು ಎಂದು ನನಗನ್ನಿಸುತ್ತದೆ, ಯಾಕೆಂದರೆ ಉಳಿದ ನೀರನ್ನು ಬೇಗ ಬೇಗ ಹೊಯ್ದರು.

ನೀರು ಇಂಗುತ್ತಿದ್ದಂತೆ ಒಳಗೆ ಸದ್ದು ಏರಿತು. ಹಿತ್ತಲಿಗೂ ಕೇಳಿಸುತ್ತಿತ್ತು. ಖಾಲಿ ಕೊಡ ಹಿಡಿದು ಒಳಗೆ ಬಂದ ಮಾಳಮ್ಮ ಸೆಟ್ಟಿನ ಮುಂದೆ ನಿಂತರು. ಅವರ ಮೊದಲ ಮಾತು ಇದು:

"ಆಕಿ ಗದ್ವಾಲದಾಗ ಕುಂತೇ ಮಾಡಾಕತ್ತಾಳೇನು?"

ಅಲ್ಲಿಯವರೆಗೆ ತಾಯಿಗೆ ಎದುರಾಡದಿದ್ದ ಬೀರೇಶ ಎದ್ದು ನಿಂತ. "ಅವ್ವಾ, ಕೊಡ ನಿನ್ನ ಕೈಯಾಗೈತಿ" ಎಂದ.

ಮಾಳಮ್ಮ ಕೊಡವನ್ನು ನೋಡಿಕೊಂಡರು. ಕೆಳಗಿಡಲಿಲ್ಲ.

ನಾನು ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ವಯರ್ ತೋರಿಸಿದೆ. "ಹೋಮ್ ಥಿಯೇಟರ್ ಮುಟ್ಟಬ್ಯಾಡ್ರಿ, ಆ ವಯರ್ ಒಂದೇ. ಮೊದಲು ಸ್ವಿಚ್ ಆಫ್ ಮಾಡಿ, ಒಣಾ ಬಟ್ಟಿ ಸುತ್ತಿ ಹಿಡಿದು ತಿರುವಿ ಬಿಚ್ಚಿ, ಮತ್ತ ಆನ್ ಮಾಡ್ರಿ" ಎಂದೆ. ಹಾಗೆ ಮಾಡಿದರು. ಗುಂಯ್ ಸದ್ದು ಪೂರ್ತಿ ನಿಂತಿತು. ನನ್ನ ಕಡೆ ಓರೆಗಣ್ಣಿಂದ ನೋಡಿ, ಹೇಳದಿದ್ದರೂ ಮತ್ತೆ ಆಫ್ ಮಾಡಿ ವಯರ್ ಹಾಕಿದರು. ಬಂತು. ಬಿಚ್ಚಿದರು. ಹೋಯಿತು. ನನ್ನನ್ನು ಹೊರಗೆ ನಿಲ್ಲಿಸಿಯೂ ಒಮ್ಮೆ ಮಾಡಿ ನೋಡಿದರು. ಅನುಮಾನವನ್ನು ಹೀಗೆ ಪೂರ್ತಿ ಬಳಸುವವರನ್ನು ನಾನು ನಮ್ಮ ಸರ್ವಿಸ್ ಸೆಂಟರಿನಲ್ಲೂ ಹೆಚ್ಚು ಕಂಡಿಲ್ಲ.

ಆದದ್ದು ಇಷ್ಟು. ಹೊರಗೆ ಕಂಬದ ಮೇಲಿದ್ದ ಕೇಬಲಿನವರ ಪೆಟ್ಟಿಗೆಯಿಂದ ಕರೆಂಟ್ ಸೋರಿ ವಯರಿನ ಹೊರಹೆಣಿಗೆಯಲ್ಲಿ, ಅಂದರೆ ಒಳಗಿನ ತಂತಿಯ ಸುತ್ತ ಹೆಣೆದ ಲೋಹದ ಜಾಲರಿಯಲ್ಲಿ, ಬರುತ್ತಿತ್ತು. ಅದು ಮನೆಯೊಳಗೆ ಬಂದು, ಹೋಮ್ ಥಿಯೇಟರ್ ಹಾದು, ಅರ್ಥಿಂಗ್ ಗುಂಡಿಯಲ್ಲಿ ಇಳಿಯುತ್ತಿತ್ತು. ಹಾದುಹೋಗುವಾಗ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿತ್ತು. ಗುಂಡಿ ಒಣಗಿದ್ದರೆ ಕಡಿಮೆ ಇಳಿಯುತ್ತದೆ, ಸದ್ದು ಸಣ್ಣದು. ಉಪ್ಪುನೀರು ಬಿದ್ದರೆ ಹೆಚ್ಚು ಇಳಿಯುತ್ತದೆ, ಸದ್ದು ದೊಡ್ಡದು. ಪಿನ್ ಕಿತ್ತ ಮೇಲೆ ಇಳಿಯಲು ದಾರಿಯಿಲ್ಲದೆ ಸದ್ದು ನಿಂತಿತು, ಬರಿಗಾಲಲ್ಲಿ ಬಂದು ಮುಟ್ಟಿದ ಮಾಳಮ್ಮನಿಗೆ ಜುಮ್ ಎಂದಿತು.

"ಕಾಲುವಿ ಬಾಯಿ ಅಗಲ ಮಾಡಿದ್ರ ನೀರು ಜಾಸ್ತಿ ಹರೀತೈತಲ್ರಿ, ಹಂಗ. ಹೊಲಸು ನೀರು ಬಂದದ್ದು ಮ್ಯಾಲಿಂದ. ರೇಣುಕಾ ಬಾಯಿ ಅಗಲ ಮಾಡ್ಯಾಳ ಅಷ್ಟ. ಬ್ಯಾಸಿಗ್ಯಾಗ ಆ ಗುಂಡಿಗೆ ಉಪ್ಪುನೀರು ಹಾಕಬೇಕು. ಲೈನ್‌ಮನ್ ಮನಿ ಮಗಳಿಗೆ ಗೊತ್ತೈತಿ."

"ಹಂಗಾರ ನನ್ನ ಕಣ್ಣು ಸುಳ್ಳೇನು?" ಎಂದರು ಮಾಳಮ್ಮ.

"ಕಣ್ಣು ಖರೇ ಐತ್ರಿ. ನೀರು ಹೊಯ್ದದ್ದೂ ಖರೇ, ಸದ್ದು ಜೋರಾದದ್ದೂ ಖರೇ. ತಪ್ಪು ಹೊರಿಸಿದ್ದು ಬ್ಯಾರೇದವರ ಮ್ಯಾಲ ಆತು."

ಅವರ ಅಪ್ಪಣೆ ಪಡೆದು ಕೇಬಲ್ ವಯರಿನ ನಡುವೆ ಹೆಬ್ಬೆರಳ ಗಾತ್ರದ ಐಸೊಲೇಟರ್ ಹಾಕಿದೆ. ಚಿತ್ರವನ್ನು ಬಿಟ್ಟು, ಹೊರಹೆಣಿಗೆಯ ಕರೆಂಟನ್ನು ತಡೆಯುವ ಸಾಮಾನು ಅದು. ದಪ್ಪ ಪಿನ್ ಇದ್ದೂ, ಗುಂಡಿ ಹಸಿಯಾಗಿದ್ದೂ ಸೆಟ್ಟು ಸುಮ್ಮನಾಯಿತು. ಈ ಸಲದ ಸುಮ್ಮನಿರುವಿಕೆಯ ಮೇಲೆ ನನಗೆ ಅನುಮಾನವಿರಲಿಲ್ಲ. ಮಾಳಮ್ಮನಿಗಿತ್ತು. ನಾನು ಚಪ್ಪಲಿ ಹಾಕಿಕೊಳ್ಳುವವರೆಗೂ ಸ್ಪೀಕರಿಗೆ ಕಿವಿ ಹಚ್ಚಿ ನಿಂತಿದ್ದರು. ನಾನು ಕೇಳದೆಯೇ ಬೀರೇಶ ಸರ್ವಿಸ್ ಸೆಂಟರಿನ ಚೀಟಿಯ ಮೇಲಿನ ನನ್ನ ನಂಬರಿನ ಫೋಟೋ ತೆಗೆದುಕೊಂಡ. ಯಾರಿಗೆ ಕಳಿಸಲು ಎಂದು ನಾನೂ ಕೇಳಲಿಲ್ಲ.

ಕೇಬಲಿನವರಿಗೆ ಹೇಳಿದಾಗ "ನಮ್ಮ ಕಡಿಂದ ಏನೂ ಇಲ್ರಿ" ಎಂದರು. ಆಮೇಲೆ ಸರಿ ಮಾಡಿದ್ದೇವೆ ಎಂದರು. ನಂಬದೆ ಇನ್ನೊಮ್ಮೆ ಮಕ್ತಲ್‌ಗೆ ಹೋಗಿ ಕಂಬದ ಬುಡ ನೋಡಿದೆ. ಹೊಸ ಅರ್ಥಿಂಗ್ ಪಟ್ಟಿ ಇತ್ತು. ರಹೀಮ್ ಸಾಬರಿಗೆ ನಡೆದದ್ದನ್ನು ಹೇಳಿದಾಗ ಚಹಾದ ಬಟ್ಟಲು ಕೆಳಗಿಟ್ಟು, "ಇಷ್ಟು ವರ್ಷದಾಗ ಅವಾಜ್ ಹಾಕಿ ಬಂದವರು ನೀ ಒಬ್ಬಾಕಿ" ಎಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ಐತ್ವಾರಕ್ಕೆ ಮುಂಚೆ ಒಂದು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಮೇಡಂ, ನಾ ಗದ್ವಾಲದಿಂದ, ರೇಣುಕಾ" ಎಂದಳು. ಬೀರೇಶ ನಂಬರ್ ಕೊಟ್ಟಿದ್ದನಂತೆ. ದನಿ ಮೆತ್ತಗಿತ್ತು, ಪ್ರತಿ ಮಾತನ್ನೂ ತಡೆದು ಆಡುತ್ತಿದ್ದಳು.

"ನಮ್ಮತ್ತಿ ಫೋನ್ ಮಾಡಿದ್ರು ಮೇಡಂ. ಚೆಂದಾಗಿದ್ದೀಯಾ ಅಂತ ಕೇಳ್ಲಿಲ್ಲ, ಬಾ ಅಂತ ಅನ್ಲಿಲ್ಲ. ಆ ಗುಂಡ್ಯಾಗ ಉಪ್ಪು ಎಷ್ಟು ಹಾಕಬೇಕು ಅಂತ ಕೇಳಿದ್ರು. ಯಾಕ ಕೇಳಿರಬೇಕು? ಹಿರೇರ ಮುಂದ ಮತ್ತೇನರ ಹೇಳಾಕೇನು?"

ಅವಳ ಅನುಮಾನವೂ ನ್ಯಾಯವಾದದ್ದೇ. "ನೀವೇನು ಹೇಳಿದ್ರಿ?" ಎಂದೆ.

"ಬಾಯಿಲೆ ಅಳತಿ ಹೇಳಾಕ ಬರಂಗಿಲ್ಲ, ಕೈಲೆ ಹಾಕಿ ತೋರಿಸ್ಬೇಕು ಅಂದೆ."

"ಅದಕ್ಕೇನಂದ್ರು?"

ಫೋನಿನಲ್ಲಿ ಸಣ್ಣ ಗುಂಯ್ ಸದ್ದಿತ್ತು. ಅದು ಲೈನಿನದೇ ಎಂದು ನನಗೆ ಗೊತ್ತಿತ್ತು, ಆದರೂ ಕಿವಿಗೊಟ್ಟು ಕೇಳಿದೆ.

"ಗದ್ವಾಲದಿಂದ ಮಕ್ತಲ್‌ಗೆ ಮುಂಜಾನಿ ಬಸ್ ಎಷ್ಟೊತ್ತಿಗೈತಿ ಅಂದ್ರು ಮೇಡಂ."